ಮಿಠಾಯಿ ಡಬ್ಬದ ಅಮ್ಮನವರು

ನನ್ನ ಮೊಮ್ಮಗಳ ತಲೆ ಕೆಟ್ಟಿದೆ ಎಂದು ಯಾರಾದರೂ ಅಂದರೆ ನಾನು ಜಗಳಕ್ಕೆ ಹೋಗುವುದಿಲ್ಲ. ಹೌದು ಸ್ವಾಮಿ, ಕೆಟ್ಟಿದೆ; ಎಷ್ಟು ಚೆಂದಕ್ಕೆ ಕೆಟ್ಟಿದೆ ಬಂದು ನೋಡಿ ಅನ್ನುತ್ತೇನೆ!

ಚಿತ್ರಕಲೆ ಓದಿದವರು ಚಿತ್ರವನ್ನು ಗೋಡೆಗೆ ತೂಗುಹಾಕುತ್ತಾರಲ್ಲವೇ? ಇವಳಿಗೆ ಅದು ಆಗದು. "ಗೋಡೆ ನೋಡೋಕೆ ಯಾರು ಬರ್ತಾರೆ ಅಜ್ಜಿ? ಹಸಿವಾದ್ರೆ ಎಲ್ರೂ ಬರ್ತಾರೆ," ಎಂದವಳೇ ನಮ್ಮೂರು ಪೆಂಡುರ್ತಿಯ ಟಿಫಿನ್ ಸೆಂಟರಿನ ಪಾರ್ಸಲ್ ಕಾಗದಕ್ಕೆ ಚಿತ್ರ ಬರೆದಳು. ಆಟೋದ ಬೆನ್ನಿಗೆ ವಿಶಾಖಪಟ್ಟಣದ ಸಮುದ್ರ ಬರೆದಳು. ಹಿಂದಿನ ಸ್ಕೂಟರಿನವನು ಅಲೆಗಳನ್ನೇ ನೋಡುತ್ತ ಬಂದು ಅದಕ್ಕೇ ಗುದ್ದಿದ! "ಎಷ್ಟು ಮನಸ್ಸಿಟ್ಟು ನೋಡಿದಾನೆ ಪಾಪ!" ಎಂದು ಇವಳು ಕುಣಿದಳು.

ಇವಳು ತೆಲುಗರಂತೆ 'ನಾನ್ನಾ' ಎಂದು ಕರೆಯುವ ಅಪ್ಪ, ಅಂದರೆ ನನ್ನ ಮಗ, ವಿಜಯವಾಡದಲ್ಲಿ ಬ್ಯಾಂಕ್ ಆಫೀಸರು. ಅವನಿಗೆ ಇದು ನುಂಗಲಾರದ ತುತ್ತು. "ದಸರಾದೊಳಗೆ ಒಂದು ನೆಟ್ಟಗಿನ ಕೆಲಸ ಹಿಡಿ. ಇಲ್ಲಾಂದ್ರೆ ಬಣ್ಣ ಕಟ್ಟಿಟ್ಟು ವಿಜಯವಾಡಕ್ಕೆ ಬಾ, ಬ್ಯಾಂಕ್ ಪರೀಕ್ಷೆಗೆ ಕೋಚಿಂಗ್ ಸೇರು," ಎಂದುಬಿಟ್ಟ.

ಅಷ್ಟರಲ್ಲಿ ಮಿಠಾಯಿ ಅಂಗಡಿಯವನೊಬ್ಬ ಹಬ್ಬದ ಡಬ್ಬಕ್ಕೆ ಚಿತ್ರ ಕೇಳಿದ. ಬರೆದದ್ದು ಯಾರನ್ನು? ನನ್ನನ್ನು! ಗಂಡ ತೀರಿಕೊಂಡ ಮೇಲೂ ನಾನು ಬಿಡದ ಕಾಸಗಲ ಕುಂಕುಮ, ಎರಡು ಮೂಗುಬೊಟ್ಟು, ತಲೆಯ ಹಿಂದೆ ಅಡುಗೆಮನೆಯ ಹಿತ್ತಾಳೆ ತಟ್ಟೆ, ಥೇಟ್ ಪ್ರಭಾವಳಿ!

ಮಿಠಾಯಿ ಬಿಸಿಬಿಸಿಯಾಗಿ ಖರ್ಚಾಯಿತು. ಆದರೆ ಡಬ್ಬ? ಎಸೆಯಲು ಜನಕ್ಕೆ ಹೆದರಿಕೆ! ಹಳೆಯ ದೇವರ ಪಟವನ್ನು ಕಸಕ್ಕೆ ಹಾಕದೆ ಅರಳಿಮರದ ಬುಡದಲ್ಲಿ ಇಡುವುದುಂಟಲ್ಲ, ಹಾಗೆ ಅಲ್ಲಿ ಸಾಲುಸಾಲಾಗಿ ನಾನು! ಹಣೆಗೆ ಅರಿಶಿನ, ಮುಂದೆ ಊದುಬತ್ತಿ. ನೋಡಲು ಹೋದರೆ ಹೆಂಗಸೊಬ್ಬಳು ನನ್ನನ್ನೇ ತಳ್ಳಿದಳು: "ಜರಗಂಡಿ, ಜರಗಂಡಿ! ಅಮ್ಮವಾರಿಗೆ ಅಡ್ಡ ನಿಂತಿದೀರಿ!"

ಅಂಗಡಿಯವನು ಕೈಮುಗಿದ. "ಬಾಬೋಯ್! ಡಬ್ಬ ಎಲ್ಲಿಡೋದು ಅಂತ ಗಿರಾಕಿಗಳು ನನ್ನ ಪ್ರಾಣ ತಿಂತಿದಾರೆ. ಇನ್ಮೇಲೆ ಚಿತ್ರಾನೇ ಬೇಡಮ್ಮಾ!"

ಅಲ್ಲಿಗೆ ಇದ್ದ ಒಂದು ಕೆಲಸವೂ ಹೋಯಿತು. ಮಗ ಅವಳನ್ನು ವಿಜಯವಾಡಕ್ಕೆ ಕರೆದೊಯ್ಯಲು ಬಂದ. ನಾನೂ ಸ್ಟೇಷನ್ನಿನವರೆಗೆ ಹೊರಟೆ. ಅರಳಿಮರ ಕಂಡದ್ದೇ ಮಗ ಆಟೋ ನಿಲ್ಲಿಸಿ ಇಳಿದ. ಇನ್ನು ಬೈಗುಳದ ಸುರಿಮಳೆ ಎಂದುಕೊಂಡೆ. ಅವನು ಚಪ್ಪಲಿ ಬಿಟ್ಟ. ಒಂದು ಡಬ್ಬ ಎತ್ತಿಕೊಂಡು ಬಹಳ ಹೊತ್ತು ನೋಡಿದ. ಮಗಳ ಚಿತ್ರವನ್ನು ಅವನು ನಿಂತು ನೋಡಿದ್ದು ಅದೇ ಮೊದಲು.

"ಅವ್ವನ ಎಡಗಣ್ಣು ಚೂರು ಸಣ್ಣದು. ಅದನ್ನೂ ಬಿಟ್ಟಿಲ್ವಲ್ಲೇ ನೀನು," ಎಂದ. ಆಮೇಲೆ ಮೆಲ್ಲಗೆ, "ನಮ್ಮಪ್ಪನ್ನೂ ಬರೀತೀಯಾ ಮಗಳೇ? ಅವರದ್ದು ಒಂದು ಫೋಟೋನೂ ಇಲ್ಲ."

"ತಾತನ್ನ ನಾನು ನೋಡೇ ಇಲ್ವಲ್ಲ ನಾನ್ನಾ. ಹೇಗಿದ್ರು, ಹೇಳಿ."

ಅವನು ಕಟ್ಟೆಯ ಮೇಲೆ ಕೂತು ಹೇಳತೊಡಗಿದ, ಅವಳು ಬರೆಯತೊಡಗಿದಳು. ಮೂಗಿನವರೆಗೆ ಮಗ ಹೇಳಿದ; ನಗುವನ್ನು ನಾನು ಹೇಳಿದೆ. ರೈಲಿನ ಹೊತ್ತು ಮೀರಿತು. ಯಾರೂ ಏಳಲಿಲ್ಲ.