ಸಾಹುಕಾರರ ಬೋಳು ಗಿಣಿ

ಹೊಟ್ಟೆ ತುಂಬಿದ ಮನುಷ್ಯನಿಗೆ, ಬಂದವರು ಬಾಯಿ ತೆರೆದು ನೋಡುವಂಥದ್ದೇನಾದರೂ ಮನೆಯಲ್ಲಿರಬೇಕು ಅನಿಸುತ್ತದೆ. ಕಾರು, ಬಂಗಾರ ಎಷ್ಟೋ ಮನೆಗಳಲ್ಲಿ ಇರುತ್ತವೆ. ಉಸಿರಾಡುವಂಥದ್ದಾದರೆ ತೂಕ ಹೆಚ್ಚು. ಮೀಸೆ ಹಣ್ಣಾಗುವ ಹೊತ್ತಿಗೆ ಹತ್ತನೇ ತರಗತಿಯ ಪರೀಕ್ಷೆಗೆ ಕೂತವನು ನಾನು. ಆಗ ಅಂಟಿದ ಓದಿನ ಚಟದಿಂದ ತಿಳಿದದ್ದು, ಆಫ್ರಿಕಾದ ಜಿರಾಫೆಯೊಂದು ಹಡಗು ಹತ್ತಿ ಬಂಗಾಳಕ್ಕೆ ಬಂದು, ಅಲ್ಲಿಂದ ಚೀನಾದ ಚಕ್ರವರ್ತಿಗೆ ಕಾಣಿಕೆಯಾಗಿ ಹೋಗಿತ್ತಂತೆ. ಸಮುದ್ರದ ಮೇಲೆ ಅದಕ್ಕೆ ಹೊಟ್ಟೆ ತೊಳಸಿತೇ ಎಂದು ಬರೆದದ್ದು ನನಗೆಲ್ಲೂ ಸಿಗಲಿಲ್ಲ. ನಮ್ಮ ಕಡೆಯ ಜಹಗೀರದಾರರೊಬ್ಬರು ಬೇಟೆಯ ಚೀತಾ ಸಾಕಿದ್ದರೆಂದು ನನ್ನಜ್ಜ ಹೇಳುತ್ತಿದ್ದ. ಬೀದಿಗೆ ತಂದಾಗಲೆಲ್ಲ ಅದರ ಕಣ್ಣಿಗೆ ತೊಗಲಿನ ಪಟ್ಟಿ. ಊರೆಲ್ಲ ಚೀತಾ ನೋಡಿತ್ತು, ಚೀತಾ ಮಾತ್ರ ಊರು ನೋಡಿರಲಿಲ್ಲ.

ಹುಮನಾಬಾದಿನಲ್ಲಿ ನಾನು ಕೆಲಸ ಮಾಡುವ ಟೈಲ್ಸ್ ಅಂಗಡಿಯ ಸಾಹುಕಾರರು ಬಸವಕಲ್ಯಾಣದ ತಮ್ಮ ಹೊಸ ಮನೆಗೆ ಮಕಾವ್ ಎಂಬ ದೊಡ್ಡ ಗಿಣಿ ತಂದರು. ಕೆಂಪು ಮೈ, ನೀಲಿ ರೆಕ್ಕೆ, ಮೊಳದುದ್ದದ ಬಾಲ. ಬಂದವರೆಲ್ಲ ಪಂಜರಕ್ಕೆ ಮುಖ ಹಚ್ಚಿ ಸೆಲ್ಫಿ ತೆಗೆದುಕೊಂಡರು. ಕೆಲವೇ ತಿಂಗಳಲ್ಲಿ ಅದು ತನ್ನ ಪುಕ್ಕ ತಾನೇ ಕಿತ್ತುಕೊಳ್ಳತೊಡಗಿ ಎದೆ, ಹೊಟ್ಟೆ, ತೊಡೆ ಬೋಳಾದವು. ಮಗಳನ್ನು ನೋಡಲು ಗಂಡಿನವರು ಬರುವ ಹಿಂದಿನ ದಿನ ಸಾಹುಕಾರರು ಪಂಜರವನ್ನು ಜೀಪಿಗೆ ಹಾಕಿಸಿ, ಇನ್ನು ಅದು ನಿನ್ನದೇ ಎಂದು ನನ್ನ ಮನೆಗೆ ಕಳಿಸಿಬಿಟ್ಟರು. ವಿದೇಶಿ ಹಕ್ಕಿಯ ಒಡೆಯನಾದ ಹುರುಪಿನಲ್ಲಿ ನಾನು ಅದನ್ನು ಬೀದಿಗೆ ಕಾಣುವಂತೆ ಮುಂಬಾಗಿಲಲ್ಲೇ ತೂಗುಹಾಕಿದೆ.

ನಮ್ಮ ಓಣಿಯಲ್ಲಿ ಯಾರೂ ಮಾಂಸ ಮುಟ್ಟುವವರಲ್ಲ. ಪಕ್ಕದ ಮನೆಯ ಗಂಗಮ್ಮ ಬಹಳ ಹೊತ್ತು ನಿಂತು ನೋಡಿ, ನನ್ನ ಹೆಂಡತಿ ಸುಮಿತ್ರೆಯನ್ನು ಕರೆದು ಮೆತ್ತಗೆ ಹೇಳಿದಳು:

“ತಿನ್ನೋದಿದ್ರ ತಿನ್ರವ್ವಾ, ಯಾರ್ ಬ್ಯಾಡ ಅಂತಾರ. ಆದ್ರ ಜೀವ ಇದ್ದಾಗೇ ಪುಕ್ಕ ಕೀಳಬ್ಯಾಡ್ರಿ.”

ಆ ವಾರ ಅವರ ಮನೆಯಿಂದ ಹೆಪ್ಪಿಗೆ ಮಜ್ಜಿಗೆಯೂ ಹುಟ್ಟಲಿಲ್ಲ.

ದನದ ಡಾಕ್ಟರು ಬಂದು, ರೋಗ ಮೈಗಲ್ಲ ಮನಸ್ಸಿಗೆ, ಮಂದಿ ಮುತ್ತದ ಕಡೆ ಇಡಿ, ಬೋಳು ಮೈಯಲ್ಲಿ ಇದು ಚಳಿಗಾಲ ದಾಟುವುದಿಲ್ಲ ಎಂದರು. ಸುಮಿತ್ರೆ ಪಂಜರವನ್ನು ಅಡುಗೆಮನೆಗೆ ಒಯ್ದಳು. ಅವಳು ರೊಟ್ಟಿ ಬಡಿಯುವ ಸದ್ದಿಗೆ ಅದು ತಲೆ ತೂಗುತ್ತಿತ್ತು. ತಾನು ನನಗೆ ಹೇಳದ ಎಷ್ಟೋ ಮಾತುಗಳನ್ನು ಅವಳು ಅದಕ್ಕೆ ಹೇಳಿರಬೇಕು. ಬರಬರುತ್ತ ಎದೆಯ ಮೇಲೆ ಕಡಲೆ ಮೊಳಕೆಯಂತೆ ಕೆಂಪು ಪುಕ್ಕ ಇಣುಕಿದವು, ಮೈ ತುಂಬಿತು. ಸಾಹುಕಾರರು ಅಂಗಡಿಯಲ್ಲಿ ಆಗಾಗ, ಪುಕ್ಕ ಬಂತೇ ಎಂದು ವಿಚಾರಿಸುತ್ತಿದ್ದರು. ನಾನು ಇನ್ನೂ ಇಲ್ಲ ಅನ್ನುತ್ತಿದ್ದೆ. ಅವರೇ ನೋಡಲು ಬರುತ್ತಾರೆಂದು ತಿಳಿದ ದಿನ ಸುಮಿತ್ರೆ ಹೇಳಿದಳು:

“ಸತ್ತದ ಅಂತ ಹೇಳಿಬಿಡ್ರಿ. ನಾ ಒಳಗಿನ ಬಾಗಿಲಾ ಹಾಕಿರ್ತೀನಿ.”

ಸಾಹುಕಾರರು ಬಂದರು, ಚಹಾ ಕುಡಿದರು, ಸುತ್ತ ನೋಡಿದರು. ನಾನು ಹೇಳಬೇಕಾದ ಸುಳ್ಳನ್ನು ಅವರೇ ಹೇಳಿದರು.

“ಸತ್ತಿರಬೇಕಲ್ಲ ಶರಣಪ್ಪಾ? ಹೋಗ್ಲಿ ಬಿಡು. ನಿಮ್ಮಂಥವರ ಮನ್ಯಾಗ ಅಂಥಾ ಹಕ್ಕಿ ಹ್ಯಾಂಗ ಬದುಕ್ತದ?”

ಹೌದ್ರಿ ಎಂದು ತಲೆಯಾಡಿಸಿದ್ದರೆ ಮುಗಿಯುತ್ತಿತ್ತು. ತಲೆ ಆಡಲಿಲ್ಲ. ಎದ್ದು ಹೋಗಿ ಅಡುಗೆಮನೆಯ ಬಾಗಿಲು ತೆರೆದೆ.

“ಹ್ಯಾಂಗ ಬದುಕ್ಯದ, ಬಂದು ನೋಡ್ರಿ ಸಾವ್ಕಾರ್ರ.”

ಹಿಟ್ಟಿನ ಕೈಯಲ್ಲೇ ನಿಂತಿದ್ದ ಸುಮಿತ್ರೆ ನನ್ನನ್ನು ನೋಡಿದ ರೀತಿಯನ್ನು ಬರೆಯುವಷ್ಟು ನಾನು ಓದಿಲ್ಲ. ಸಾಹುಕಾರರು ನನ್ನ ಬೆನ್ನು ತಟ್ಟಿದರು. ಮಗಳ ನಿಶ್ಚಯಕ್ಕೆ ಮನೆ ತುಂಬ ಮಂದಿ ಬರುತ್ತಾರೆ, ಅದು ಮುಗಿದ ಮೇಲೆ ವಾಪಸ್ ಕಳಿಸುತ್ತೇನೆ ಎಂದರು. ಪಂಜರ ಜೀಪು ಹತ್ತಿತು.

ನಿಶ್ಚಯ ಭರ್ಜರಿಯಾಯಿತು. ಗಿಣಿ ವಾಪಸ್ ಬರಲಿಲ್ಲ, ಅಲ್ಲೇ ಮತ್ತೆ ಬೋಳಾಗಿ, ಮಾಗಿಯ ಚಳಿಯಲ್ಲಿ ಸತ್ತಿತು. ಸುದ್ದಿ ಕೇಳಿದ ಸುಮಿತ್ರೆ ಕೆಲವು ದಿನ ರೊಟ್ಟಿ ಬಡಿಯದೆ ಚಪಾತಿ ಲಟ್ಟಿಸಿದಳು. ನಾನು ಮಾತ್ರ ಈಗಲೂ ಅಂಗಡಿಗೆ ಬಂದ ಗಿರಾಕಿಗಳಿಗೆ ಮೊಬೈಲಿನಲ್ಲಿ ಅದರ ಫೋಟೊ ತೋರಿಸುತ್ತೇನೆ. ಬೋಳು ಮೈಯದಲ್ಲ, ಪುಕ್ಕ ತುಂಬಿದ್ದು. “ಇದು ನಮ್ಮನ್ಯಾಗ ಇದ್ದಾಗಿಂದು ನೋಡ್ರಿ” ಎನ್ನುತ್ತೇನೆ.