ಶೇಂಗಾನಿಗೆ ಬೊಗಳಲು ಕಲಿಸಿದವರು

ಮಕ್ಕಳನ್ನು ಬೆಳೆಸುವ ಬಗ್ಗೆ ಸಲಹೆ ಕೊಡಲು ಜನ ಸ್ವಲ್ಪವಾದರೂ ಅಳುಕುತ್ತಾರೆ; ನಾಯಿಯ ವಿಷಯದಲ್ಲಿ ಯಾರಿಗೂ ಆ ಸಂಕೋಚವಿಲ್ಲ. ಮೆಟ್ರಿಕ್‌ವರೆಗೆ ಓದಿದ ನಾನಂತೂ ಈ ಶಾಸ್ತ್ರದಲ್ಲಿ ಪಂಡಿತನೇ ಆಗಿದ್ದೆ. ನಾಯಿಗೆ ಬುದ್ಧಿ ಬರುವುದು ಕೋಲಿನಿಂದ ಎಂಬುದು ನನ್ನ ಸಿದ್ಧಾಂತ. ನನ್ನ ಹೆಂಡತಿಯದು ಹೊಟ್ಟೆ ತುಂಬಿಸುವ ಪದ್ಧತಿ: ಉಂಡ ನಾಯಿ ಮಲಗುತ್ತದೆ, ಮಲಗಿದ ನಾಯಿ ಬೊಗಳುವುದಿಲ್ಲ. ಸೊಸೆ ಗೀತಾ ಮೊಬೈಲಿನಲ್ಲಿ ನೋಡಿ ಕಲಿತವಳು. ಹೇಳಿದ್ದು ಕೇಳಿದರೆ ಚೂರು ಬಿಸ್ಕೀಟು, ಕೇಳದಿದ್ದರೆ ಮುಖ ತಿರುಗಿಸಿ ನಿಲ್ಲುವುದು. “ಮುಖ ತಿರುವಿದ್ರ ನಾಯಿ ಅಂಜತೈತೇನ?” ಎಂದು ನಾನು ನಕ್ಕೆ. “ಅತ್ತಿಯಾರು ಮುಖ ತಿರುವಿದಾಗ ನೀವು ಅಂಜೂದಿಲ್ಲೇನ್ರಿ, ಮಾವಾರ?” ಎಂದಳು.

ಹುರಿದ ಶೇಂಗಾಕಾಳಿನ ಬಣ್ಣದ ನಮ್ಮ ನಾಯಿ ಶೇಂಗಾ, ಗೀತಾ ಕೂರು ಎಂದರೆ ಕೂರುತ್ತಿತ್ತು, ಬಾ ಎಂದರೆ ಬರುತ್ತಿತ್ತು. ಮಧ್ಯಾಹ್ನ ಮಾತ್ರ ನಮ್ಮ ಸಪ್ತಾಪುರ ಬಡಾವಣೆಯೇ ಎದ್ದು ಕೂರುವಂತೆ ಬೊಗಳುತ್ತಿತ್ತು. ಪಕ್ಕದ ಮನೆಯ ಮುಲ್ಲಾ ಸಾಹೇಬರಿಗೆ ಆಗಷ್ಟೇ ಎದೆಯ ಆಪರೇಶನ್ ಆಗಿತ್ತು. ಅವರು ಮಲಗಬೇಕಾದದ್ದೂ ಅದೇ ಹೊತ್ತಿಗೆ. “ಇರ್ಲಿ ಬಿಡ್ರಿ, ಅದೂ ಒಂದ್ ಜೀವ ಅಲ್ಲೇನ್ರಿ” ಎಂದರು. ಬೈದಿದ್ದರೆ ಜಗಳವಾಡಬಹುದಿತ್ತು. ಬೈಯದೆ ಹೋದದ್ದರಿಂದ ಶೇಂಗಾನನ್ನು ಭಾನುವಾರ ಕಲಘಟಗಿಯ ಬೀಗರ ಹೊಲಕ್ಕೆ ಕಳಿಸುವುದೆಂದು ಮನೆಯಲ್ಲಿ ತೀರ್ಮಾನವಾಯಿತು. ನಾನೂ ತಲೆಯಾಡಿಸಿದೆ.

ಶನಿವಾರ ಮಧ್ಯಾಹ್ನ ಒಬ್ಬನೇ ಊಟಕ್ಕೆ ಕೂತಿದ್ದೆ. ನಮ್ಮ ಕಡೆಯ ಖಡಕ್ ರೊಟ್ಟಿ ಮುರಿದರೆ ಸಪ್ಪಳ ಅಂಗಳದವರೆಗೂ ಕೇಳಿಸುತ್ತದೆ. ಕಟ್ ಎಂದದ್ದೇ ತಡ, ಶೇಂಗಾ ಓಡಿ ಬಂದು ಶುರು ಮಾಡಿತು. ನಾನು ಎಂದಿನಂತೆ ಕೋಲು ಎತ್ತಿ ಗದರಿಸಿ, ಸುಮ್ಮನಾಗಲೆಂದು ಬೆಣ್ಣೆ ಹಚ್ಚಿದ ತುಂಡೊಂದನ್ನು ಎಸೆದೆ. ತಲೆ ಎತ್ತಿದರೆ ಬಾಗಿಲಲ್ಲಿ ಗೀತಾ.

“ದಿನಾ ಹಿಂಗ ಕೊಡ್ತೀರೇನ್ರಿ?”

“ಬಾಯಿ ಮುಚ್ಚಲಿ ಅಂತ...”

“ಬೊಗಳಿದ್ರ ಬೆಣ್ಣಿ ರೊಟ್ಟಿ ಸಿಗತೈತಿ ಅಂದ್ರ ನಾನೂ ಬೊಗಳ್ತೇನ್ರಿ!”

ಕೋಲಿನ ಪಂಡಿತ ಇಷ್ಟು ದಿನ ಬೊಗಳುವುದಕ್ಕೇ ಪಾಠ ಹೇಳಿಕೊಟ್ಟಿದ್ದ! ಪಾಪದ ನಾಯಿ ಶ್ರದ್ಧೆಯಿಂದ ಕಲಿತಿತ್ತು, ಅದಕ್ಕೆ ಗಡೀಪಾರು. ಊಟ ಅರ್ಧಕ್ಕೇ ಬಿಟ್ಟು ಹೋಗಿ ಮುಲ್ಲಾ ಸಾಹೇಬರೆದುರು ತಪ್ಪೊಪ್ಪಿಕೊಂಡೆ. ಅವರು ಎದೆಯ ಹೊಲಿಗೆ ಹಿಡಿದುಕೊಂಡು ನಕ್ಕರು. “ಪಾಟೀಲ್ರ, ನಾಯಿ ಇಲ್ಲೇ ಇರ್ಲಿ. ಬೇಕಾದ್ರ ನೀವ ಹೋಗ್ರಿ ಕಲಘಟಗಿಗೆ!”

ಸದ್ಯ ಇಬ್ಬರೂ ಉಳಿದಿದ್ದೇವೆ. ಈಗ ಸುಮ್ಮನೆ ಕೂತರೆ ಮಾತ್ರ ಶೇಂಗಾನಿಗೆ ತುಂಡು. ಕೆಲವು ದಿನ ಬೊಗಳಿ ನೋಡಿತು, ಆಮೇಲೆ ಬಿಟ್ಟಿತು. ಸಾಹೇಬರ ಗೊರಕೆ ನಮ್ಮ ಮನೆಗೆ ಕೇಳಿಸುತ್ತದೆ. ಆದರೆ ಮೊನ್ನೆಯಿಂದ ಒಂದು ಸಂಶಯ. ಚಹಾಕ್ಕೆಂದು ನಾನು ಒದರಿದರೆ ಅಡುಗೆಮನೆಯಿಂದ ಉತ್ತರವೇ ಇಲ್ಲ. ತೆಪ್ಪಗೆ ಕೂತರೆ ಚಹಾ ಬರುತ್ತದೆ, ಜೊತೆಗೆ ಚಕ್ಕುಲಿಯೂ. ಯಾರನ್ನೂ ಕೇಳಲು ಹೋಗಿಲ್ಲ. ಒದರುವುದನ್ನು ಬಿಟ್ಟಿದ್ದೇನೆ.