ಅರಿಶಿನ ಮೇಲೆ, ಕುಂಕುಮ ಕೆಳಗೆ

ಅಟ್ಟೂರಿನ ನಮ್ಮ ಆಟೋ ಸ್ಟ್ಯಾಂಡಿನಲ್ಲಿ ಒಂದು ಬಾವುಟದ ಕಂಬ ಇದೆ. ನವೆಂಬರ್ ಒಂದು ಬಂತು ಅಂದ್ರೆ ಆ ಕಂಬದ ಬುಡದಲ್ಲಿ ಏನಾದರೊಂದು ಎಡವಟ್ಟು ಆಗದೆ ಇರಲ್ಲ. ಏನೇ ಆದರೂ ಎಲ್ಲರೂ ಮೊದಲು ನನ್ನ ಮುಖ ನೋಡ್ತಾರೆ. ಎಸ್ಸೆಸ್ಸೆಲ್ಸಿ ಎರಡು ಸಲ ಫೇಲು, ಬಾಯಿಬಿಟ್ಟರೆ ಸುಳ್ಳು ಅಂತ ಏರಿಯಾದಲ್ಲಿ ನನ್ನ ಹೆಸರು. ಆದರೆ ಈಗ ಹೇಳೋ ಮೂರು ಪ್ರಸಂಗದಲ್ಲಿ ತಪ್ಪು ನನ್ನದಲ್ಲ.

೧. ಗೌಡರ ಗಂಟು

ಬಾವುಟ ಕಟ್ಟೋದು ತಾತನ ಕೆಲಸ. ತಾತ ಅಂದ್ರೆ ನನ್ನ ಸ್ವಂತ ತಾತ ಅಲ್ಲ. ಜಾಲಹಳ್ಳಿ ಕಡೆ ಫ್ಯಾಕ್ಟರಿಯಲ್ಲಿ ದುಡಿದು ರಿಟೈರಾಗಿ, ಸ್ಟ್ಯಾಂಡಿನ ಎದುರು ಬಾಡಿಗೆಗಿರೋ ಹಿರಿಯರು. ಹೂವಿನ ಎಸಳು ತುಂಬಿ, ಬಟ್ಟೆ ಮಡಚಿ, ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳೋ ಗಂಟು ಹಾಕ್ತಾರೆ.

ಒಂದು ವರ್ಷ ಅವರಿಗೆ ಜ್ವರ. ಊರಿನ ಹಳೇ ಜಮೀನ್ದಾರ ಗೌಡರು, "ದನ ಕಟ್ಟಿರೋ ಕೈ ಕಣ್ರೋ ಇದು. ಇಂಗೆ ಆಕಿದ್ರೆ ಬಿಚ್ಚೋ ಮಾತೇ ಇಲ್ಲ" ಅಂತ ತಾವೇ ಕಟ್ಟಿದರು. ಮಾತು ಉಳಿಸಿಕೊಂಡರು. ಮುಖ್ಯ ಅತಿಥಿ ಎಳೆದರು, ಬಿಚ್ಚಲಿಲ್ಲ. ಗೌಡರೂ ಕೈಹಾಕಿದರು, ಕಂಬ ಬಾಗಿತು.

"ಮಗಾ, ಅತ್ತೋ ಮೇಲಕ್ಕೆ!" ಅಂತ ಗೌಡರು ನನಗೆ ಕಂಬ ತೋರಿಸಿದರು.

ಕಂಬ ಹತ್ತಿ, ಗಂಟನ್ನ ಹಲ್ಲಲ್ಲಿ ಕಚ್ಚಿ ಬಿಚ್ಚಿದೆ. ಕೆಳಗೆ ಎಲ್ಲರೂ ತಲೆಯೆತ್ತಿ ಹೂಮಳೆಗೆ ಕಾಯ್ತಿದ್ದರು. ಅರ್ಧ ಮಳೆ ನನ್ನ ಹೊಟ್ಟೆಗೇ ಹೋಗಿತ್ತು.

೨. ಎರಡು ತಲೆ

ಕೆಲವು ವರ್ಷದ ಹಿಂದೆ ಸರ್ಕಾರದವರು ಹೊಸ ಬಾವುಟದ ನಮೂನೆ ತೋರಿಸಿದರಲ್ಲ: ಹಳದಿ, ಬಿಳಿ, ಕೆಂಪು, ಮಧ್ಯೆ ಗಂಡಭೇರುಂಡದ ಲಾಂಛನ. ನಮ್ಮಲ್ಲೇ ಮೊದಲು ಹಾರಬೇಕು ಅಂತ ಸ್ಟ್ಯಾಂಡಿನ ಅಧ್ಯಕ್ಷರು ಟೈಲರಕ್ಕನಿಗೆ ಹೊಲಿಯೋಕೆ ಹೇಳಿದರು. ಅಕ್ಕ ಗದಗ ಕಡೆಯವರು.

"ಎರಡು ತಲಿ ಅಂದ್ರ ಎರಡು ದಿನ ಹಿಡಿತೈತ್ರಿ."

ನಾಲ್ಕು ದಿನ ಹಿಡೀತು. ನೋಡಿದ ಡ್ರೈವರೊಬ್ಬ, "ಅಕ್ಕಾ, ಎರಡು ಕೋಳಿ ಜಗಳ ಆಡ್ದಂಗಿದೆ" ಅಂದ.

ಅಕ್ಕ ಮಿಷನ್ನಿಂದ ತಲೆ ಎತ್ತಲಿಲ್ಲ. "ನಿಮ್ಮ ಸ್ಟ್ಯಾಂಡಿನ ಪಕ್ಷಿ ಅಲ್ಲೇನ್ರಿ, ಸವಾರಿ ಸಲುವಾಗಿ ಕಚ್ಚಾಡಾಕತ್ತಾವ."

ತಾತ ಮಾತ್ರ ನಗಲಿಲ್ಲ. "ನನಗೆ ಮೀಸೆ ಚಿಗುರೋ ವಯಸ್ಸಲ್ಲಿ, ಈ ಊರಲ್ಲೇ ಕನ್ನಡಕ್ಕೆ ಜಾಗ ಇಲ್ವಲ್ಲ ಅಂತ ಬೀದಿಗಿಳಿದಿದ್ವಿ. ಆಗ ಹುಟ್ಟಿದ್ದು ಕಣ್ರಪ್ಪಾ ಈ ಎರಡು ಬಣ್ಣ. ಅರಿಶಿನ ಮೇಲೆ, ಕುಂಕುಮ ಕೆಳಗೆ. ಸರ್ಕಾರದ ಮುದ್ರೆ ಇಲ್ದೇನೇ ಇಷ್ಟು ಕಾಲ ಹಾರಿದೆ."

ಹೊಸ ನಮೂನೆಗೆ ಒಪ್ಪಿಗೆ ಬರಲೇ ಇಲ್ಲ. ಆ ಬಾವುಟ ಈಗ ಅಕ್ಕನ ಮಿಷನ್ನಿಗೆ ಮುಸುಕು. ಧೂಳು ಬೀಳದಂಗೆ ಎರಡು ಕೋಳಿನೂ ಕಾವಲಿವೆ.

೩. ಗುಂಡಿ

ಸಕ್ಕರೆ ಕಾಯಿಲೆ ತಾತನ ಕಣ್ಣು ತಿಂದುಹಾಕಿದೆ ಅಂತ ನಮಗೆ ಗೊತ್ತಾಗಿದ್ದು ಈ ವರ್ಷ. ಬೆಳಕು ಬಿಟ್ಟರೆ ಅವರಿಗೆ ಏನೂ ಕಾಣಲ್ಲ.

ಅಧ್ಯಕ್ಷರು ಮೆತ್ತಗೆ ಹೇಳಿದರು. "ಬೇಜಾರಾಗ್ಬೇಡಿ ತಾತ. ಬಾವುಟ ಉಲ್ಟಾ ಹಾರಿದ್ರೆ ಐದೇ ನಿಮಿಷಕ್ಕೆ ಎಲ್ಲರ ಮೊಬೈಲಲ್ಲೂ ಬರುತ್ತೆ. ಇನ್ಮೇಲೆ ಬೇರೆಯವರು ಕಟ್ಲಿ."

ತಾತ ಪಂಚೆಯ ಅಂಚು ನೀವಿದರು. "ವರ್ಷಕ್ಕೊಂದು ದಿನ ನಾನು ಬೇಕಾಗ್ತೀನಿ ಕಣಪ್ಪ. ಅದನ್ನೂ ತೆಗೀಬೇಡ. ಪರೀಕ್ಷೆ ಮಾಡಿ ನೋಡು."

ನಾನು ಕಿವಿಯಲ್ಲಿ ಪಿಸುಗುಟ್ಟಿದೆ. "ತಾತ, ಹಳದಿ ಮುಟ್ಟಿದ ತಕ್ಷಣ ಕೆಮ್ತೀನಿ."

"ಗಂಟಲು ಕೆಡಿಸ್ಕೋಬೇಡ, ಸುಮ್ನಿರು."

ಅಧ್ಯಕ್ಷರು ಬಟ್ಟೆ ತಿರುಗಿಸಿ ತಿರುಗಿಸಿ ಮೂರು ಸಲ ಕೊಟ್ಟರು. ತಾತ ಅಂಚು ಸವರಿ ಮೂರು ಸಲವೂ "ಇದು ಅರಿಶಿನ" ಅಂದರು. ಎಲ್ಲರೂ ಬಾಯಿ ಬಿಟ್ಟುಕೊಂಡು ನಿಂತರು.

ಟೈಲರಕ್ಕ ನೆಲ ನೋಡ್ತಾ ಅಂದರು. "ಹಳದಿ ಮೂಲಿಗೆ ಒಂದು ಸಣ್ಣ ಗುಂಡಿ ಹಚ್ಚೀನ್ರಿ. ಅವರೇ ಕೇಳಿದ್ರು. ಮೂರು ವರ್ಷ ಆತು."

ಅಂದ್ರೆ ಮೂರು ವರ್ಷದಿಂದ ತಾತ ನಮ್ಮ ಬಾವುಟ ನೋಡೇ ಇಲ್ಲ. ಕಟ್ಟೋದ್ರಲ್ಲಿ ಒಂದು ಸಲವೂ ತಪ್ಪಿಲ್ಲ. ಅಧ್ಯಕ್ಷರು ಹಗ್ಗ ತಂದು ಅವರ ಕೈಗಿಟ್ಟರು.

ಹಬ್ಬದ ಬೆಳಿಗ್ಗೆ ಅತಿಥಿ ಎಳೆದರು. ಒಂದೇ ಎಳೆತ. ಹೂವು ಉದುರಿತು, ಬಟ್ಟೆ ಗಾಳಿಗೆ ಹರಡಿಕೊಂಡಿತು. ನಾಡಗೀತೆ ಮುಗಿದ ಮೇಲೆ ತಾತ ನನ್ನ ಭುಜ ಹಿಡಿದು, ಮುಖ ಮೇಲಕ್ಕೆತ್ತಿ ಕೇಳಿದರು. "ಸರಿಯಾಗಿದೆಯೇನೋ?"

ಹೌದು ಅನ್ನೋಕೆ ಹೋದೆ. ಕಣ್ಣು ಉಜ್ಜಿಕೊಂಡೆ. ಇಷ್ಟು ಜನದ ಮುಂದೆ ಅತ್ತರೆ ನನ್ನ ಮಾನ ಏನಾಗ್ಬೇಕು? ಅದಕ್ಕೇ, "ಇಲ್ಲ ತಾತ, ಪೂರ್ತಿ ಉಲ್ಟಾ" ಅಂದೆ.

ತಾತ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದರು. "ನೀನೇ ಉಲ್ಟಾ ಅಂದ್ಮೇಲೆ ಸರಿಯಾಗೇ ಇದೆ ಬಿಡು."